ಗೆರೆಯಿದ್ದ ತಂತಿ

ಈಗ ಮಧ್ಯಾಹ್ನ ಉಂಡು ಅಡ್ಡಾದರೆ ನನಗೆ ಟೀವಿಗಳ ಹಿಂಭಾಗ ಕಾಣುತ್ತದೆ. ಮೂವತ್ತೆಂಟು ವರ್ಷ ನಾನು ಹೆಚ್ಚಾಗಿ ನೋಡಿದ್ದು ಅದನ್ನೇ. ಹುಬ್ಬಳ್ಳಿ ಧಾರವಾಡಗಳ ಎಷ್ಟೋ ಮನೆಗಳ ಮುಂಬಾಗಿಲು ನನಗೆ ನೆನಪಿಲ್ಲ. ಟೀವಿಗೂ ಗೋಡೆಗೂ ನಡುವಿನ ಆ ಒಂದು ಗೇಣು ಸಂದು ಮಾತ್ರ ನೆನಪಿದೆ. ಅಲ್ಲಿ ಧೂಳು, ಹಲ್ಲಿಯ ಮೊಟ್ಟೆ, ಯಾವುದೋ ಮದುವೆಯ ಕರೆಯೋಲೆ, ಹೋಯಿತೆಂದು ಮನೆಯವರು ಆಸೆ ಬಿಟ್ಟ ಕಿವಿಯೋಲೆ. ಕಣ್ಣು ಮುಚ್ಚಿದರೆ ಆ ಸಂದುಗಳೆಲ್ಲ ಒಂದಕ್ಕೊಂದು ಕೂಡಿ ಉದ್ದನೆಯ ಓಣಿಯಾಗುತ್ತವೆ. ಅದರಲ್ಲಿ ನಾನು ಮೊಣಕಾಲೂರಿ, ಬಾಯಲ್ಲಿ ಸಣ್ಣ ಬ್ಯಾಟರಿ ದೀಪ ಕಚ್ಚಿಕೊಂಡು ಹೋಗುತ್ತಿರುತ್ತೇನೆ. ಗೋಡೆಯ ಆಚೆ ಯಾರೋ ಹಾಡುತ್ತಿರುತ್ತಾರೆ. ಹಾಡುವವರು ಎಲ್ಲಿ ಕುಳಿತಿದ್ದಾರೆಂದು ಮಾತ್ರ ತಿಳಿಯುವುದಿಲ್ಲ.

ನನ್ನ ಹೆಸರು ಖಾದರ್. ಹತ್ತನೆಯ ಇಯತ್ತೆಯವರೆಗೆ ಕನ್ನಡ ಸಾಲೆಯಲ್ಲಿ ಕಲಿತವನು. ಮೊದಲು ರೇಡಿಯೋ, ಆಮೇಲೆ ಟೇಪು, ಆಮೇಲೆ ಮನೆಯೊಳಗೇ ಚಿತ್ರಮಂದಿರದ ಸದ್ದು ಕೂರಿಸುವ ಹೋಮ್ ಥಿಯೇಟರ್. ಆಂಪ್ಲಿಫೈಯರ್, ಸ್ಪೀಕರ್, ಟೀವಿ, ಇವನ್ನು ತಂತಿಗಳಿಂದ ಒಂದಕ್ಕೊಂದು ಜೋಡಿಸಿ ಸದ್ದು ಬರುವಂತೆ ಮಾಡುವುದು ನನ್ನ ಕೆಲಸವಾಗಿತ್ತು. ಈಗ ಈ ಕೆಲಸಕ್ಕೆ ಬರುವವರು ಕೆಲವರು ದಾರಿಯಲ್ಲಿ ಸಿಕ್ಕಾಗ ಏನಾದರೂ ಹೇಳಿರಿ ಎನ್ನುತ್ತಾರೆ. ನಿಂತುಕೊಂಡು ಹೇಳುವ ಮಾತುಗಳಲ್ಲ ಇವು. ಅದಕ್ಕೆ ಬರೆಯುತ್ತಿದ್ದೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ. ಅದನ್ನು ಮೊದಲೇ ಹೇಳಿಬಿಟ್ಟರೆ ನನಗೂ ತಪ್ಪಿಸಿಕೊಳ್ಳಲು ದಾರಿ ಉಳಿಯುವುದಿಲ್ಲ. ಧಾರವಾಡದ ಹತ್ತಿರದ ಹೆಬ್ಬಳ್ಳಿ ಎಂಬ ಹಳ್ಳಿಯ ಚನ್ನಬಸಪ್ಪಜ್ಜನವರು ಸ್ವರ ಬಲ್ಲವರು. ನಾನು ತಂತಿ ತಪ್ಪಾಗಿ ಕಟ್ಟಿದ್ದನ್ನು ಅವರು ಕಿವಿಯಿಂದಲೇ ಕಂಡುಹಿಡಿದರು. ನನ್ನ ತಪ್ಪು ಮುಚ್ಚಿಕೊಳ್ಳಲು ನಾನು ಅವರಿಗೆ, ನಿಮ್ಮ ಕಿವಿ ಹೋಗಿವೆ ಎಂದೆ. ಅವರು ನಂಬಿದರು.

ಮೊದಲಿನಿಂದ ಹೇಳುತ್ತೇನೆ.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಳೆಯಂಗಡಿಗೂ ಪಾತ್ರೆಯಂಗಡಿಗೂ ನಡುವೆ ಇಸ್ಮಾಯಿಲ್ ಚಾಚಾನ ರೇಡಿಯೋ ದುರಸ್ತಿಯ ಅಂಗಡಿ ಇತ್ತು. ಇಬ್ಬರು ಕೂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ನಾನು ಕೆಲಸ ಕಲಿತದ್ದು ಅಲ್ಲಿ. ನಮ್ಮ ಮನೆಮಾತು ಉರ್ದು. ಆದರೂ ಗಿರಾಕಿ ಎದುರಿಗಿದ್ದರೆ ಚಾಚಾ ನನ್ನೊಡನೆಯೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದೆ.

"ಅವನ ರೇಡಿಯೋ ಹೊಟ್ಟಿ ಬಿಚ್ಚಿಟ್ಟೇವಿ. ಅವನಿಗೆ ತಿಳೀಲಾರದ ಮಾತಿನ್ಯಾಗ ನಾವಿಬ್ರೂ ಗುಸುಗುಸು ಅಂದ್ರ ಅವನ ಜೀವಾ ಹೆಂಗ ಆಗಬ್ಯಾಡ?" ಎಂದರು.

ಚಾಚಾ ಕಲಿಸಿದ್ದರಲ್ಲಿ ಒಂದು ಮಾತ್ರ ಇಲ್ಲಿ ಬೇಕು. ಸ್ಪೀಕರಿಗೆ ಎರಡು ಎಳೆ ತಂತಿ ಹೋಗುತ್ತದೆ, ಒಂದು ಪ್ಲಸ್, ಒಂದು ಮೈನಸ್. ಅದಲುಬದಲಾದರೂ ಸ್ಪೀಕರ್ ಹಾಡುತ್ತದೆ, ಸುಡುವುದಿಲ್ಲ, ಕೂಗುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಒಂಟಿ ಸ್ಪೀಕರಾದರೆ ಏನೂ ತಿಳಿಯುವುದಿಲ್ಲ. ಎರಡಿದ್ದು ಒಂದು ಸರಿ, ಒಂದು ಉಲ್ಟಾ ಆದರೆ ಒಂದು ಉಸಿರು ಹೊರಗೆ ಬಿಡುವಾಗ ಇನ್ನೊಂದು ಒಳಗೆ ಎಳೆದುಕೊಳ್ಳುತ್ತದೆ. ಒಂದರ ಸದ್ದನ್ನು ಇನ್ನೊಂದು ನುಂಗುತ್ತದೆ.

"ಕೌದಿ ಝಾಡಸೂದು ನೋಡಿಯಿಲ್ಲ?" ಎಂದು ಚಾಚಾ ಕೇಳಿದ್ದರು. "ಇಬ್ರೂ ಕೂಡೇ ಎತ್ತಬೇಕು. ಒಬ್ಬ ಎತ್ತಿದಾಗ ಇನ್ನೊಬ್ಬ ಇಳಿಸಿದ್ರ ಕೌದಿ ಅಲ್ಲೇ ಜೋತಾಡತೈತಿ. ಧೂಳೂ ಹೋಗಂಗಿಲ್ಲ."

ಅದಕ್ಕೆ ಅವರ ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸೆಲ್ ಇರುತ್ತಿತ್ತು. ತಂತಿ ಕಟ್ಟುವ ಮೊದಲು ಅದರ ಎರಡು ತುದಿಯನ್ನು ಸೆಲ್ಲಿಗೆ ಮುಟ್ಟಿಸಿ, ಸ್ಪೀಕರಿನ ಕಾಗದದ ಬಟ್ಟಲು ಮುಂದಕ್ಕೆ ಬಂತೋ ಹಿಂದಕ್ಕೆ ಹೋಯಿತೋ ನೋಡುವುದು. ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ಎಳೆಯೇ ಪ್ಲಸ್. ಅರ್ಧ ನಿಮಿಷದ ಕೆಲಸ. ನನಗೂ ಒಂದು ಸೆಲ್ ಕೊಟ್ಟು, ಇದು ಕಿಸೆಯಲ್ಲಿ ಇಲ್ಲದ ದಿನ ಕೆಲಸಕ್ಕೆ ಹೋಗಬೇಡ ಎಂದರು.

ಎಲ್ಲ ಸರಿ ಕಟ್ಟಿದಾಗ ಆಗುವ ಒಂದು ಸಂಗತಿಯಿದೆ. ಇಷ್ಟು ವರ್ಷವಾದರೂ ನನಗೆ ಅದರ ಬೆರಗು ಹೋಗಿಲ್ಲ. ಎಡಕ್ಕೊಂದು ಸ್ಪೀಕರ್, ಬಲಕ್ಕೊಂದು ಸ್ಪೀಕರ್. ಹಾಡು ಹಚ್ಚಿ ಇವೆರಡರ ಎದುರು ಸರಿಯಾಗಿ ನಡುವೆ ಕುಳಿತರೆ ದನಿ ಎಡದಿಂದಲೂ ಬರುವುದಿಲ್ಲ, ಬಲದಿಂದಲೂ ಬರುವುದಿಲ್ಲ. ಎರಡರ ನಡುವೆ, ಏನೂ ಇಲ್ಲದ ಜಾಗದಿಂದ ಬರುತ್ತದೆ. ಅಲ್ಲಿ ಒಬ್ಬ ಮನುಷ್ಯ ಬಂದು ಕುಳಿತ ಹಾಗೆ. ಮೊದಲ ಸಲ ಕೇಳಿದಾಗ ನಾನು ಎದ್ದು ಹೋಗಿ ಆ ಗಾಳಿಯಲ್ಲಿ ಕೈಯಾಡಿಸಿದ್ದೆ. ಚಾಚಾ ನಗಲಿಲ್ಲ. "ಎಲ್ಲಾರೂ ಮುಟ್ಟಿ ನೋಡ್ತಾರ" ಎಂದರು.

ಚಾಚಾ ತೀರಿಕೊಂಡ ಮೇಲೆ ಆ ಅಂಗಡಿಯ ಜಾಗ ಪಾತ್ರೆಯಂಗಡಿಗೆ ಸೇರಿಹೋಯಿತು. ನಾನು ಊರಿನ ಹೊಸ ಬಡಾವಣೆಗಳ ಕಡೆ ಒಂದು ದೊಡ್ಡ ಅಂಗಡಿಗೆ ಸೇರಿದೆ. ಅಲ್ಲಿನ ದಿನಗಳಲ್ಲಿ ನಾನು ಮಾಡಿದ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಎರಡನ್ನು ಹೇಳುತ್ತೇನೆ.

ಧಾರವಾಡದ ಒಂದು ಮನೆಯಲ್ಲಿ ಮೊದಲ ಸಲ ಬೆಳಕಿನ ಕೇಬಲ್ ಹಾಕಿದೆ. ತಾಮ್ರದ ಬದಲು ಗಾಜಿನಂಥ ಎಳೆ, ಅದರೊಳಗೆ ಕೆಂಪು ಬೆಳಕಾಗಿ ಸದ್ದು ಓಡುತ್ತದೆ. ಎರಡು ತಾಸು ಕುಸ್ತಿಯಾಡಿದರೂ ಸೊಲ್ಲಿಲ್ಲ. ಆಂಪ್ಲಿಫೈಯರ್ ಬಿಚ್ಚಿದೆ, ಟೀವಿಯ ಪರದೆಯ ಮೇಲಿನ ಸೆಟ್ಟಿಂಗ್ ಪಟ್ಟಿಗಳನ್ನೆಲ್ಲ ಒತ್ತಿ ನೋಡಿದೆ. ಆ ಮನೆಯ ಅಕ್ಕ ಮೂರು ಸಲ ಚಹಾ ಕೊಟ್ಟರು. ಮೂರನೆಯ ಸಲ ಕಪ್ಪು ಇಡುತ್ತ, ಕೇಬಲ್ಲಿನ ತುದಿ ತೋರಿಸಿ, "ಇದರ ಮೂತಿಗಿ ಸಣ್ಣ ಟೊಪ್ಪಗಿ ಐತೆಲ್ರಿ, ಅದು ಇರಬೇಕೇನ್ರಿ?" ಎಂದರು. ಧೂಳು ಹೋಗದಿರಲೆಂದು ಕಾರ್ಖಾನೆಯವರು ಹಾಕಿದ ಮುಚ್ಚಳ. ಕಣ್ಣಿಗೆ ಕಾಣದಂಥ ಪಾರದರ್ಶಕ ಪ್ಲಾಸ್ಟಿಕ್ಕು. ತೆಗೆದೊಡನೆ ಮನೆ ತುಂಬ ಸದ್ದು.

"ಬಾಯಾಗ ಬಟ್ಟಿ ತುರುಕಿ ಹಾಡು ಅಂದ್ರ ಪಾಪ ಅದರ ಹೆಂಗ ಹಾಡೀತ್ರಿ" ಎಂದರು ಅಕ್ಕ. ನಾನೂ ನಕ್ಕೆ. "ತಪ್ಪಾತ್ರಿ ಅಕ್ಕಾರ" ಎಂದೆ.

ಇನ್ನೊಂದು, ರೈಲು ಓಡಿಸಿ ನಿವೃತ್ತರಾದವರೊಬ್ಬರ ಮನೆ. ಹಿಂದಿನ ಎರಡು ಸ್ಪೀಕರುಗಳ ಎಡ ಬಲ ಅದಲುಬದಲಾಗಿತ್ತು. ಪರೀಕ್ಷೆಗೆಂದು ರೈಲು ಹಾದುಹೋಗುವ ದೃಶ್ಯ ಹಾಕಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ ಎರಡು ಸಲ ನೋಡಿದರು.

"ಖಾದರಸಾಬ್ರ, ಗಾಡಿ ಎಡಗಡೆ ಹೊಂಟೈತಿ, ಸಪ್ಪಳ ಬಲಗಡೆ ಹೊಂಟೈತಿ. ಇದಕ್ಕ ಸಿಗ್ನಲ್ ಯಾರು ಕೊಟ್ರಿ?"

"ನಾನ ಕೊಟ್ಟೇನ್ರಿ ಸಾಹೇಬ್ರ."

"ಹಂಗಾದ್ರ ನಿಮ್ಮನ್ನ ಸಸ್ಪೆಂಡ್ ಮಾಡಬೇಕಾಗತೈತಿ" ಎಂದು ನಕ್ಕು, ತಾವೇ ಎದ್ದು ಸ್ಟೂಲು ಹಿಡಿದರು.

ಹೀಗೆ ತಪ್ಪಾಯಿತೆಂದು ಹೇಳುವುದು ಆಗ ನನಗೆ ಕೆಮ್ಮಿದಷ್ಟು ಸಲೀಸಾಗಿತ್ತು. ಯಾವಾಗ ಗಂಟಲಲ್ಲಿ ಸಿಕ್ಕಿಕೊಳ್ಳಲು ಶುರುವಾಯಿತೋ ನೆನಪಿಲ್ಲ. ಅಂಗಡಿಯ ಮಾಲಕರು ಒಮ್ಮೆ ನನ್ನನ್ನು ಕೂರಿಸಿಕೊಂಡು, "ಖಾದರಭಾಯಿ, ಈಗ ನೀವು ನಮ್ಮ ಅಂಗಡಿ ದೊಡ್ಡ ಮನಷ್ಯಾರು. ಗಿರಾಕಿ ಮುಂದ ತಪ್ಪಾತು ಗಿಪ್ಪಾತು ಅನಬ್ಯಾಡ್ರಿ. ಸೆಟ್ಟಿಂಗ್ ಮಾಡಾಕತ್ತೇನಿ ಅನ್ರಿ" ಎಂದಿದ್ದರು. ಅವರ ಮೇಲೆ ಹಾಕಿ ನಾನು ಪಾರಾಗುವುದಿಲ್ಲ. ಮಾತು ಅವರದು, ಬಾಯಿ ನನ್ನದು. ಆ ಮಾತು ನನಗೆ ಹಿತವೆನಿಸಿತ್ತು, ಅದನ್ನೂ ಹೇಳಬೇಕು.

ಕೆಲಸದ ರೀತಿಯೂ ಬದಲಾಯಿತು. ಹೊಸ ಆಂಪ್ಲಿಫೈಯರುಗಳೊಡನೆ ಒಂದು ಪುಟ್ಟ ಮೈಕು ಬರುತ್ತಿತ್ತು. ಅದನ್ನು ಕೂರುವ ಜಾಗದಲ್ಲಿಟ್ಟರೆ ಯಂತ್ರವೇ ಒಂದೊಂದು ಸ್ಪೀಕರಿನಿಂದ ಟುಯ್ ಟುಯ್ ಎನ್ನಿಸಿ ಎಲ್ಲ ಅಳೆದುಕೊಳ್ಳುತ್ತದೆ. ಯಾವುದಾದರೂ ಸ್ಪೀಕರಿನ ತಂತಿ ಉಲ್ಟಾ ಅನ್ನಿಸಿದರೆ ಪರದೆಯ ಮೇಲೆ ಒಂದು ಎಚ್ಚರಿಕೆ ಬರುತ್ತದೆ. ಗೋಡೆ ಹತ್ತಿರವಿದ್ದರೆ, ಮೂಲೆಯಲ್ಲಿದ್ದರೆ, ತಂತಿ ಸರಿಯಿದ್ದರೂ ಆ ಎಚ್ಚರಿಕೆ ಬರುವುದುಂಟು. ಹತ್ತು ಸಲ ಸುಳ್ಳೇ ಬಂದಿತ್ತು. ಹನ್ನೊಂದನೆಯ ಸಲದಿಂದ ನಾನು ನೋಡದೆ ಮುಂದೆ ಎಂಬ ಗುಂಡಿ ಒತ್ತುತ್ತಿದ್ದೆ. ಪೆನ್ಸಿಲ್ ಸೆಲ್ ಕಿಸೆಯಿಂದ ಚೀಲಕ್ಕೆ, ಚೀಲದಿಂದ ಮನೆಯ ಗೋಡೆ ಗಡಿಯಾರಕ್ಕೆ ಹೋಯಿತು.

ವಿದ್ಯಾನಗರದಲ್ಲಿ ಮಲ್ಲಿಕಾರ್ಜುನ ಅವರು ಹೊಸ ಮನೆ ಕಟ್ಟಿಸಿದ್ದರು. ಹತ್ತಿ, ಕಾಳುಕಡಿಯ ವ್ಯಾಪಾರ ಅವರದು, ಉದಾರ ಮನುಷ್ಯ. ಮೇಲಿನ ಮಹಡಿಯಲ್ಲಿ ಒಂದು ಕೋಣೆಯನ್ನು ಇದಕ್ಕೆಂದೇ ಬಿಟ್ಟಿದ್ದರು. ಮುಂದೆ ಎಡ ಬಲ ಎರಡು ಸ್ಪೀಕರ್, ನಡುವೆ ಮಾತಿಗೆಂದೇ ಒಂದು, ಹಿಂದೆ ಎರಡು, ಮೂಲೆಯಲ್ಲಿ ದಪ್ಪ ಸದ್ದಿನ ಪೆಟ್ಟಿಗೆ. ಆಗ ಹೊಸದಾಗಿ ಪಾರದರ್ಶಕ ತಂತಿ ಬಂದಿತ್ತು. ಮೊದಲಿನ ತಂತಿಗಳಲ್ಲಿ ಒಂದು ಎಳೆ ಕೆಂಪು, ಒಂದು ಕಪ್ಪು, ಕುರುಡನಿಗೂ ತಿಳಿಯುತ್ತಿತ್ತು. ಇದರಲ್ಲಿ ಎರಡೂ ಎಳೆ ಒಂದೇ ಬಣ್ಣ. ಒಂದರ ಮೈಮೇಲೆ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಗೆರೆ, ಗೆರೆಯಿದ್ದದ್ದು ಪ್ಲಸ್.

ನನಗಾಗ ಐವತ್ತಾರು. ಕನ್ನಡಕ ಬಂದು ಎರಡು ವರ್ಷವಾಗಿತ್ತು. ಅಂಗಿಯ ಕಿಸೆಯಲ್ಲೇ ಇತ್ತು. ಮನೆಯವರೆಲ್ಲ ನಿಂತು ನೋಡುತ್ತಿದ್ದರು. ಕನ್ನಡಕ ಹಾಕಿಕೊಂಡು, ಬಾಯಿ ತೆರೆದು, ತಂತಿಯನ್ನು ಮೂಗಿಗೆ ಹಿಡಿದು ನೋಡುವ ಮುದುಕನಾಗಿ ಕಾಣಲು ನನಗೆ ನಾಚಿಕೆಯಾಯಿತು. ಬೆರಳಿನಿಂದ ಸವರಿ ನೋಡಿ ಕಟ್ಟಿದೆ. ಮೈಕು ಇಟ್ಟೆ. ಎಚ್ಚರಿಕೆ ಬಂತು. ‘ಮುಂದೆ’ ಗುಂಡಿ ಒತ್ತಿದೆ.

ಸಿನಿಮಾ ಹಾಕಿದಾಗ ಎಲ್ಲರೂ ಖುಷಿಪಟ್ಟರು. ಇದನ್ನು ಹೊಸಬರು ತಿಳಿದುಕೊಳ್ಳಬೇಕು: ಸಿನಿಮಾದ ಮಾತು ನಡುವಿನ ಸ್ಪೀಕರಿನಿಂದ ಬರುತ್ತದೆ, ಆದ್ದರಿಂದ ಎಡ ಬಲದವು ಒಂದನ್ನೊಂದು ನುಂಗುತ್ತಿದ್ದರೂ ತಿಳಿಯುವುದಿಲ್ಲ. ಬರಿಯ ಹಾಡು ಹಚ್ಚಿದಾಗ ಮುಂದಿನ ಎರಡೇ ಹಾಡುತ್ತವೆ. ಆಗ ಬಯಲಾಗುತ್ತದೆ.

ಮಲ್ಲಿಕಾರ್ಜುನರ ತಂದೆ ಚನ್ನಬಸಪ್ಪಜ್ಜ ಗೃಹಪ್ರವೇಶದ ಶಾಂತಿಗೆಂದು ಹೆಬ್ಬಳ್ಳಿಯಿಂದ ಬಂದವರು ಇನ್ನೂ ಅಲ್ಲೇ ಇದ್ದರು. ಎಪ್ಪತ್ತೇಳರ ವಯಸ್ಸು, ಹಣೆ ತುಂಬ ವಿಭೂತಿ, ಬಿಳಿ ರುಮಾಲು. ಒಕ್ಕಲುತನದ ಮನುಷ್ಯ, ಆದರೆ ಸುತ್ತಿನ ಹತ್ತು ಹನ್ನೆರಡು ಊರುಗಳ ಭಜನಾ ಮೇಳದವರ ಹಾರ್ಮೋನಿಯಂ ಪೆಟ್ಟಿಗೆಗಳು ಸ್ವರ ಸರಿಪಡಿಸಲು ಅವರ ಮನೆಗೇ ಬರುತ್ತಿದ್ದವು. ಹಾರ್ಮೋನಿಯಂ ಒಳಗೆ ಹಿತ್ತಾಳೆಯ ಸಣ್ಣ ನಾಲಿಗೆಗಳಿರುತ್ತವೆ. ಅವನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎಷ್ಟು ಕೆರೆಯಬೇಕೆಂದು ಹೇಳುವುದು ಕಿವಿ ಒಂದೇ. ಇದನ್ನು ಅವರು ಹಣಕ್ಕೆ ಮಾಡುತ್ತಿರಲಿಲ್ಲ. ಶ್ರಾವಣ ಬರುವ ಮುಂಚೆ ಎಲ್ಲ ಊರಿನ ದನಿ ತಮ್ಮ ಪಡಸಾಲೆಯಿಂದ ಹಸನಾಗಿ ಹೋಗುವುದೇ ಅವರ ಸುಖವಾಗಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಂದು ನನಗೆ ಅವರು ಸೋಫಾದ ತುದಿಯಲ್ಲಿ ಕೂತ ಹಳ್ಳಿಯ ಅಜ್ಜ.

"ಒಂದು ವಚನ ಹಚ್ಚರಿ ಸಾಬ್ರ" ಎಂದರು. ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು. ತಲೆ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿದರು, ಕತ್ತಲಲ್ಲಿ ಬಾಗಿಲು ಹುಡುಕುವವರ ಹಾಗೆ.

"ಹಾಡಾವ ಎಲ್ಲಿ ಕುಂತಾನ್ರಿ?"

"ಅಂದ್ರ, ಅಜ್ಜಾರ?"

"ದನಿ ಬರಾಕತ್ತೈತಿ. ಮನಷ್ಯಾ ಇಲ್ಲ. ಗಿರಣ್ಯಾಗ ಹತ್ತಿ ಹಾರಿದಂಗ ಎಲ್ಲಾ ಕಡೆ ಹಾರಾಡತೈತಿ. ದನಿಗಿ ಎದೀನ ಇಲ್ಲ."

ಅವರು ಹೇಳಿದ್ದು ಅಕ್ಷರಶಃ ಸರಿ. ಉಲ್ಟಾ ತಂತಿಯ ಲಕ್ಷಣವನ್ನು ಇಸ್ಮಾಯಿಲ್ ಚಾಚಾ ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ನೋಡದೆ ದಾಟಿಸಿದ ಎಚ್ಚರಿಕೆ ನನಗೆ ನೆನಪಾಯಿತು. ಎದ್ದು ಹೋಗಿ ಸ್ಪೀಕರಿನ ಹಿಂದೆ ಕೈ ಹಾಕಿದ್ದರೆ ಮುಗಿಯುತ್ತಿತ್ತು.

ಮಲ್ಲಿಕಾರ್ಜುನ ನಕ್ಕರು. "ಯಪ್ಪಾ, ಇದು ನಿಮ್ಮ ಭಜನಿ ಪೆಟ್ಟಿಗಿ ಅಲ್ರಿ. ಖಾದರಸಾಬ್ರು ಹುಬ್ಬಳ್ಳ್ಯಾಗ ಇದರಾಗ ನಂಬರ್ ಒನ್."

ಆ ನಂಬರ್ ಒನ್ ಎನ್ನುವುದು ನನ್ನ ತಲೆಗೇರಿತು. ನಾನು ಎಲ್ಲ ಬಲ್ಲವನ ಧಾಟಿಯಲ್ಲಿ ಹೇಳಿದೆ: "ಅಜ್ಜಾರ, ಮಷೀನ ತಾನ ಎಲ್ಲಾ ಅಳದು ನೋಡೈತ್ರಿ. ಅದು ಸುಳ್ಳು ಹೇಳಂಗಿಲ್ಲ. ವಯಸ್ಸಾದ ಮ್ಯಾಲ ಎರಡೂ ಕಿವಿ ಕೂಡೇ ಹೋಗಂಗಿಲ್ರಿ, ಒಂದು ಮೊದಲು ಹೋಗತೈತಿ. ಅದಕ್ಕ ದನಿ ನಡುವ ನಿಂದರಂಗಿಲ್ಲ."

ಯಂತ್ರ ನಿಜವಾಗಿಯೂ ಸುಳ್ಳು ಹೇಳಿರಲಿಲ್ಲ.

ಅಜ್ಜ ಬಲಗಿವಿಗೆ ಬೆರಳಿಟ್ಟು ಕೇಳಿದರು. ಆಮೇಲೆ ಎಡಗಿವಿಗೆ. ಒಂದು ಕಿವಿ ಮುಚ್ಚಿದರೆ ಈ ತಪ್ಪು ತಿಳಿಯುವುದೇ ಇಲ್ಲ, ಆದ್ದರಿಂದ ಅವರಿಗೆ ಏನೂ ಗೊತ್ತಾಗಲಿಲ್ಲ. "ಹಂಗೂ ಇರಬಹುದು ತಮ್ಮಾ" ಎಂದರು. ಇಷ್ಟೊತ್ತು ಸಾಬ್ರ ಎನ್ನುತ್ತಿದ್ದವರು ತಮ್ಮಾ ಎಂದರು. ಕೆಟ್ಟ ಸುದ್ದಿ ತಂದವನ ಮೇಲೂ ಅವರಿಗೆ ಕಕ್ಕುಲಾತಿ ಬಂದಿತ್ತು.

ದೀಪಾವಳಿಯ ಹೊತ್ತಿಗೆ ಅದೇ ಮನೆಗೆ ಹೊಸ ಟೀವಿ ಕೂರಿಸಲು ಹೋದೆ. ಹಬ್ಬಕ್ಕೆಂದು ಹೆಬ್ಬಳ್ಳಿಯಿಂದ ಬಂದಿದ್ದ ಅಜ್ಜ ಕೆಳಗೆ ಪೂಜೆಗೆ ಕೂತಿದ್ದರು. ಆರಾಮಿದ್ದಾರೆಯೇ ಎಂದು ಸುಮ್ಮನೆ ಕೇಳಿದೆ.

"ಆರಾಮ ಅದಾರ್ರಿ. ಪೆಟ್ಟಿಗಿ ಕೆಲಸಾ ಮಾತ್ರ ಬಿಟ್ಟಬಿಟ್ರು" ಎಂದರು ಮಲ್ಲಿಕಾರ್ಜುನ. "ಶ್ರಾವಣಕ್ಕ ಎಲ್ಲಾ ಊರಿನವೂ ಬಂದಿದ್ದವು. ಒಂದೂ ಬಿಚ್ಚಲಿಲ್ಲ, ಹಂಗ ತಿರುಗಿ ಕಳಿಸಿದ್ರು. ಕಿವಿ ಖೊಟ್ಟಿ ಆದ ಮ್ಯಾಲ ಮಂದಿ ಸ್ವರಾ ಕೆಡಸಬಾರದು ಅಂತಾರ."

"ಡಾಕ್ಟರ್‌ಗೆ ತೋರಿಸಿದ್ರೇನ್ರಿ?"

"ತೋರಿಸಿದೆ. ಕಿವಿ ವಯಸ್ಸಿಗಿಂತ ಛಲೋ ಅದಾವ ಅಂದ್ರು. ಇವರು ನಂಬವಲ್ರು. ಡಾಕ್ಟರ್ ಪೀಂ ಅನ್ನಿಸಿ ಕೇಳ್ತಾನ, ಆ ಸಾಬ ದಿನಾ ದನಿ ಜೋಡಿನ ಬಾಳೇ ಮಾಡ್ತಾನ, ಅವನಿಗೆ ಗೊತ್ತಿರತೈತಿ ಅಂತಾರ."

ಟೀವಿಯ ಹಿಂದೆ ಹೊಕ್ಕೆ. ಈ ಸಲ ಕನ್ನಡಕ ಹಾಕಿಕೊಂಡೆ. ಬಲಗಡೆಯ ಸ್ಪೀಕರ್. ಗೆರೆಯಿದ್ದ ಎಳೆ ಮೈನಸ್ಸಿನ ಕಪ್ಪು ತಿರುಪಿನಲ್ಲಿ ತಣ್ಣಗೆ ಕುಳಿತಿತ್ತು. ಆ ಕೋಣೆಯಲ್ಲಿ ಮುದಿಯಾಗಿದ್ದದ್ದು ಅಜ್ಜನ ಕಿವಿಯಲ್ಲ, ನನ್ನ ಕಣ್ಣು.

ಬಿಚ್ಚಿ ಸರಿಯಾಗಿ ಕಟ್ಟಿದೆ. ಸವೆದ ತುದಿಯನ್ನು ಒಂದು ಬೆರಳುದ್ದ ಕತ್ತರಿಸಿದ್ದೆ. ಆ ತುಂಡನ್ನು ಯಾಕೋ ಎಸೆಯದೆ ಕಿಸೆಗೆ ಹಾಕಿಕೊಂಡೆ. ಅಷ್ಟರಲ್ಲಿ ಅಜ್ಜ ಮೇಲೆ ಬಂದರು. ಮಲ್ಲಿಕಾರ್ಜುನ ಅದೇ ವಚನ ಹಚ್ಚಿದರು.

ಅಜ್ಜ ಕಣ್ಣು ಮುಚ್ಚಿದರು. ತಲೆ ಅಲ್ಲಾಡಿಸಲಿಲ್ಲ. ಬಹಳ ಹೊತ್ತಿನ ಮೇಲೆ, "ಇವತ್ತ ನಡುವ ಕುಂತಾನ" ಎಂದರು.

ನಾನು ಹೇಳಬೇಕಾದದ್ದು ನಾಲ್ಕೇ ಮಾತು. ಬಾಯಿ ತೆರೆದೆ ಕೂಡ. ಅವರೇ ಮುಂದುವರಿಸಿದರು: "ಆರೂ ಮೊದಲ ದೀಪ ಒಮ್ಮೆ ದೊಡ್ಡದಾಗಿ ಉರೀತೈತಲ್ಲ, ಹಂಗ ಇರಬೇಕು. ಹೌದಿಲ್ಲೋ ತಮ್ಮಾ?"

"ಹೌದ್ರಿ ಅಜ್ಜಾರ" ಎಂದೆ.

ಮೊದಲನೆಯದು ಗೊತ್ತಿಲ್ಲದೆ ಆದ ತಪ್ಪಿನ ಮೇಲೆ ಹೇಳಿದ ಸುಳ್ಳು. ಇದು ಎಲ್ಲ ಗೊತ್ತಿದ್ದು ಹೇಳಿದ್ದು. ಕೆಲಸ ಸರಿಪಡಿಸಿದೆನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮೆಟ್ಟಿಲಿಳಿದೆ. ತಂತಿ ಸರಿಹೋಗಿತ್ತು.

ಆಮೇಲೆ ವರ್ಷಗಳು ಕನಸಿನಲ್ಲಿ ಓಣಿ ದಾಟಿದಂತೆ ದಾಟಿಹೋದವು. ತಂತಿಗಳು ಕಡಿಮೆಯಾದವು. ಉದ್ದನೆಯ ಒಂದೇ ಸ್ಪೀಕರ್ ಪಟ್ಟಿಯನ್ನು ಟೀವಿಯ ಕೆಳಗಿಟ್ಟರೆ ಸಾಕು ಎನ್ನುವ ಕಾಲ ಬಂತು. ಗಾಳಿಯಲ್ಲೇ ಸದ್ದು ಹೋಗತೊಡಗಿತು. ಕಟ್ಟುವುದೇ ಇಲ್ಲದ ಮೇಲೆ ಉಲ್ಟಾ ಕಟ್ಟುವುದೆಲ್ಲಿ? ನಾನು ಕೆಲಸ ಬಿಟ್ಟೆ. ವಿದ್ಯಾನಗರದ ಆ ರಸ್ತೆಯಲ್ಲಿ ಮಾತ್ರ ಹೋಗುತ್ತಿರಲಿಲ್ಲ. ಒಂದು ಸುತ್ತು ಹೆಚ್ಚಾದರೂ ಬೇರೆ ದಾರಿ ಹಿಡಿಯುತ್ತಿದ್ದೆ.

ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡೆ. ಪಟ್ಟಿ ಬಿಚ್ಚಿದ ಮೇಲೆ ಲೋಕವನ್ನೆಲ್ಲ ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಕಂಡಿತು. ಹಳೆಯ ಉಪಕರಣದ ಚೀಲ ತೆರೆದು ಒಂದೊಂದನ್ನೇ ನೋಡುತ್ತ ಕೂತೆ. ತಳದಲ್ಲಿ ಆ ಬೆರಳುದ್ದದ ತಂತಿ ಸಿಕ್ಕಿತು. ಗೆರೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಅದನ್ನು ಕಾಣಲಿಲ್ಲ ಎಂದು ಯಾರಾದರೂ ಹೇಳಿದರೆ ನಾನೇ ನಂಬುತ್ತಿರಲಿಲ್ಲ. ಹೆಂಡತಿ ಮೆಹಬೂಬಿ ಏನು ಹಾಗೆ ನೋಡುತ್ತೀರಿ ಎಂದು ಕೇಳಿದಳು. ಮೊದಲ ಸಲ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ನಮ್ಮ ಮನೆಮಾತಿನಲ್ಲಿ ಅವಳು ಹೇಳಿದ್ದರ ಅರ್ಥ ಇಷ್ಟು: ಆ ಮುದುಕರ ಕಿವಿ ನಿಮ್ಮ ಚೀಲದಲ್ಲಿದೆ, ಅವರು ಇರುವಾಗಲೇ ಕೊಟ್ಟು ಬನ್ನಿ.

ಮನೆಯಲ್ಲಿದ್ದ ಎರಡು ಸಣ್ಣ ಸ್ಪೀಕರ್, ಒಂದು ಪುಟ್ಟ ಆಂಪ್ಲಿಫೈಯರ್, ತಂತಿ, ಎಲ್ಲ ಒಂದು ಗೋಣಿಚೀಲಕ್ಕೆ ಹಾಕಿಕೊಂಡು ಧಾರವಾಡಕ್ಕೆ ಹೋಗಿ ಹೆಬ್ಬಳ್ಳಿ ಬಸ್ಸು ಹತ್ತಿದೆ. ಅವನ್ನು ಯಾಕೆ ತೆಗೆದುಕೊಂಡು ಹೋದೆ ಎಂದರೆ ನನಗೂ ಗೊತ್ತಿರಲಿಲ್ಲ. ಬರಿಗೈಯಲ್ಲಿ ಯಾರ ಮನೆಗೂ ಹೋಗಿ ರೂಢಿಯಿಲ್ಲ.

ಅಜ್ಜ ಹೆಬ್ಬಳ್ಳಿಯಲ್ಲಿ ಕಿರಿಯ ಮಗನ ಸಂಸಾರದೊಡನೆ ಇದ್ದರು. ಮಗ ಹೊಲಕ್ಕೆ ಹೋಗಿದ್ದ. ಸೊಸೆ ಶಾಂತವ್ವ ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದು ಚಾಪೆ ಹಾಸಿ ಮತ್ತೆ ಒಳಗೆ ಹೋದಳು. ಪಡಸಾಲೆಯಲ್ಲಿ ಗೋಡೆಗುಂಟ ಜೋಳದ ಚೀಲಗಳು. ಅಜ್ಜ ಕಂಬಕ್ಕೆ ಒರಗಿ ಕೂತಿದ್ದರು. ನನ್ನ ದನಿ ಕೇಳಿ ಗುರುತು ಹಿಡಿದರು. ಮುಖ ನೋಡಿ ಅಲ್ಲ.

ಕೂತೊಡನೆ ಹೇಳಿಬಿಟ್ಟೆ. ಕನ್ನಡಕ ಹಾಕಿಕೊಳ್ಳದ್ದು, ಎಚ್ಚರಿಕೆ ಬಂದರೂ ಒತ್ತಿದ್ದು, ದೀಪಾವಳಿಯಲ್ಲಿ ಗೊತ್ತಿದ್ದೂ ಹೌದ್ರಿ ಎಂದದ್ದು. ತಂತಿಯ ತುಂಡನ್ನು ಅವರ ಅಂಗೈಯಲ್ಲಿಟ್ಟೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಶಾಂತವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಎಷ್ಟು ವರ್ಷಾತು?" ಎಂದರು ಅಜ್ಜ.

"ಒಂಬತ್ತು ವರ್ಷಾತ್ರಿ."

"ಒಂಬತ್ತು ಶ್ರಾವಣ" ಎಂದರು.

ಹಿತ್ತಲಲ್ಲಿ ಎಮ್ಮೆಯೊಂದು ಮುಸುಗುಟ್ಟಿತು. ಅಜ್ಜ ತಂತಿಯ ಗೆರೆಯನ್ನು ಉಗುರಿನಿಂದ ಮೆಲ್ಲಗೆ ಎಣಿಸುವಂತೆ ಸವರುತ್ತಿದ್ದರು.

"ಆವತ್ತ ಬಂದು ಕಿವಿ ಹೋಗ್ಯಾವ ಅಂದಿ. ಇವತ್ತ ಬಂದು ಆವತ್ತ ಛಲೋ ಇದ್ದವು ಅಂತಿ. ಯಾವುದನ್ನ ಖರೇ ಅನ್ನಲಿ? ಸಾಯೂ ಮುದಕನ್ನ ಸಮಾಧಾನ ಮಾಡಾಕ ಬಂದಿರಬಹುದು ನೀ."

ಅವರ ದೃಷ್ಟಿ ಗೋಣಿಚೀಲದ ಮೇಲೆ ಹೋಯಿತು.

"ಏನೈತಿ ಅದರಾಗ?"

ಹೇಳಿದೆ.

"ಕಟ್ಟು. ಒಮ್ಮೆ ನೆಟ್ಟಗ ಕಟ್ಟು, ಒಮ್ಮೆ ಉಲ್ಟಾ ಕಟ್ಟು, ನಿನಗ ತಿಳಿದಂಗ. ಯಾವುದಂತ ಹೇಳಬ್ಯಾಡ. ನಾ ಹೇಳ್ತೇನಿ. ನೀ ಹೌದು ಅಲ್ಲ ಅಂತ ಖರೇ ಹೇಳಬೇಕು."

ಜೋಳದ ಚೀಲಗಳ ಮೇಲೆ ಎಡಕ್ಕೊಂದು, ಬಲಕ್ಕೊಂದು ಸ್ಪೀಕರ್ ಇಟ್ಟೆ. ಅಜ್ಜ ಕಂಬ ಬಿಟ್ಟು ನಡುವೆ ಬಂದು ಕೂತು ರುಮಾಲು ತೆಗೆದಿಟ್ಟರು. ಬಹಳ ವರ್ಷಗಳ ಮೇಲೆ ನನ್ನ ಕಿಸೆಯಲ್ಲಿ ಪೆನ್ಸಿಲ್ ಸೆಲ್ ಇತ್ತು. ಮುಟ್ಟಿಸಿ ನೋಡಿಕೊಂಡೆ. ಮೊದಲು ಬೇಕೆಂದೇ ಉಲ್ಟಾ ಕಟ್ಟಿ ನನ್ನ ಮೊಬೈಲಿನಿಂದ ವಚನ ಹಚ್ಚಿದೆ.

ಒಂದು ಸಾಲು ಮುಗಿಯುವ ಮೊದಲೇ ಅಂದರು: "ಮನಷ್ಯಾ ಇಲ್ಲ. ಉಲ್ಟಾ."

"ಹೌದ್ರಿ."

ಬಂದ್ ಮಾಡಿ, ಬದಲಿಸಿ, ಹಚ್ಚಿದೆ. "ಬಂದು ಕುಂತ. ನೆಟ್ಟಗೈತಿ."

"ಹೌದ್ರಿ."

ಮೂರನೆಯ ಸಲ ಬಿಚ್ಚಿ ಹಾಗೆಯೇ ಕಟ್ಟಿದೆ, ಬದಲಿಸಲಿಲ್ಲ. ಅಜ್ಜ ನಕ್ಕರು. "ಮೋಸಾ ಮಾಡ್ತಿ? ಅವ ಕುಂತಲ್ಲೇ ಕುಂತಾನ."

ಬಾಗಿಲಲ್ಲಿದ್ದ ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಅಜ್ಜನೇ, "ಇನ್ನೊಮ್ಮೆ" ಎಂದರು.

ನಾಲ್ಕನೆಯದನ್ನು ಉಲ್ಟಾ ಕಟ್ಟಿದೆ. ಈ ಸಲ ಅವರು ಬಹಳ ಹೊತ್ತು ಕೇಳಿದರು. ತಲೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಹಣೆಯ ವಿಭೂತಿಯ ನಡುವೆ ಬೆವರು ಮೂಡಿತು. ಎಂಬತ್ತಾರರ ಕಿವಿ ದಣಿದಿದ್ದವು. ಕೊನೆಗೆ, "ನೆಟ್ಟಗೈತಿ" ಎಂದರು.

ನಾನು ವಚನ ಬಂದ್ ಮಾಡಿದೆ. ಶಾಂತವ್ವನಿಗೆ ನನ್ನ ಮುಖದಿಂದ ಗೊತ್ತಾಯಿತು. ಹೌದು ಎಂದುಬಿಡಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ನನಗೂ ಅದೇ ಆಸೆ. ಇಂಥ ಪ್ರೀತಿಯ ಸುಳ್ಳಿಗೆ ಯಾರು ಶಿಕ್ಷೆ ಕೊಡುತ್ತಾರೆ? ಹೌದ್ರಿ ಅಜ್ಜಾರ ಎಂಬುದು ನಾಲಿಗೆಯ ತುದಿಗೆ ಬಂತು. ಅದೇ ಎರಡು ಶಬ್ದ, ದೀಪಾವಳಿಯಲ್ಲಿ ಹೇಳಿದ್ದವೇ.

"ತಪ್ಪಾತ್ರಿ ಅಜ್ಜಾರ" ಎಂದೆ. "ಉಲ್ಟಾ ಇತ್ತು."

ಅಜ್ಜ ಕಣ್ಣು ತೆರೆದು ನನ್ನನ್ನು ನೋಡಿದರು. ಮುಖದ ಗೆರೆಗಳೆಲ್ಲ ಒಂದೊಂದಾಗಿ ಸಡಿಲಾದವು.

"ಅಂದ್ರ ಮೊದಲಿನ ಮೂರೂ ಖರೇ."

"ಖರೇ ಅದಾವ್ರಿ."

"ಆವತ್ತಿಂದೂ ಖರೇ."

"ಖರೇ ಇತ್ರಿ."

"ಈಗ ನಂಬ್ತೇನಿ" ಎಂದರು. ತಂತಿಯ ತುಂಡನ್ನು ನನ್ನ ಕೈಗೆ ತಿರುಗಿ ಕೊಟ್ಟು ಬೆರಳುಗಳನ್ನು ತಾವೇ ಮಡಿಚಿದರು. "ಒಂಬತ್ತು ಶ್ರಾವಣ ಹೊಳ್ಳಿ ಬರಂಗಿಲ್ಲ. ಅವನ್ನ ನೀ ಹೊತ್ಕೊಂಡು ಹೋಗು. ಕಿವಿ ಇಲ್ಲೇ ಇಟ್ಟು ಹೋಗು."

ಹೊತ್ತುಕೊಂಡಿದ್ದೇನೆ. ಇದನ್ನು ಬರೆಯುವಾಗಲೂ ಆ ತುಂಡು ಮೇಜಿನ ಮೇಲಿದೆ.

"ಈಗ ನೆಟ್ಟಗ ಕಟ್ಟು. ಉಣ್ಣೂತನಕ ಕೇಳೂಣು" ಎಂದರು. ಕಟ್ಟಿದೆ. ವಚನ ಶುರುವಾಯಿತು. ಅಜ್ಜನ ಪಕ್ಕದಲ್ಲಿ ನಾನೂ ಕೂತೆ. ಕಣ್ಣು ಮುಚ್ಚಿದೆ, ತೆರೆದೆ. ಎರಡು ಜೋಳದ ಚೀಲಗಳ ನಡುವೆ ಸಾರಿಸಿದ ಖಾಲಿ ನೆಲ, ಅದರ ಮೇಲೆ ಬೆಳಕಿಂಡಿಯಿಂದ ಬಿದ್ದ ಒಂದು ತುಂಡು ಬಿಸಿಲು. ದನಿ ಅಲ್ಲಿಂದ ಬರುತ್ತಿತ್ತು. ಅಜ್ಜ ಕಣ್ಣು ಮುಚ್ಚಿಕೊಂಡೇ ಬೆರಳೆತ್ತಿ ಅದೇ ಜಾಗವನ್ನು ತೋರಿಸಿದರು.

ಶಾಂತವ್ವ ಎರಡು ತಾಟು ಹಿಡಿದುಕೊಂಡು ಒಳಗಿನಿಂದ ಬಂದಳು. ನೇರ ದಾರಿ ಆ ಬಿಸಿಲಿನ ಮೇಲಿನಿಂದಲೇ ಇತ್ತು. ಅಲ್ಲಿಗೆ ಬಂದು ಒಂದು ಗಳಿಗೆ ನಿಂತಳು. ಕೂತವರ ಕಾಲು ತುಳಿಯಬಾರದೆಂದು ಸರಿಯುವ ಹಾಗೆ ಸೆರಗು ಎಳೆದುಕೊಂಡು, ಆ ಖಾಲಿ ಜಾಗವನ್ನು ಬಳಸಿ ನಮ್ಮ ಕಡೆ ಬಂದಳು.